ಉಪ್ಪಾಗೆಯ ಹುಳಿ: ಒಂದು ಸಸ್ಯರಾಸಾಯನಿಕ ಶೋಧದ ಚರಿತ್ರೆ ಮತ್ತು ಜನಪದ ಜ್ಞಾನ

ಜನಪದ ವೈದ್ಯ ಮತ್ತು ಜನಪದ ಆಹಾರಗಳನ್ನು ಕುರಿತ ಕನ್ನಡದ ಅಧ್ಯಯನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಸೊಪ್ಪಿನ, ಬೇರಿನ ಅಥವಾ ಕಾಯಿಯ ಬಳಕೆಯನ್ನು ವಿವರಿಸಿ, ಕೊನೆಯಲ್ಲಿ 'ಇದರಲ್ಲಿ ಇಂತಹ ರಾಸಾಯನಿಕವಿರುವುದನ್ನು ಆಧುನಿಕ ವಿಜ್ಞಾನವೂ ದೃಢಪಡಿಸಿದೆ' ಎಂದು ಮುಗಿಸುವುದು ರೂಢಿಯಾಗಿದೆ. ಪ್ರಯೋಗಾಲಯದ ಮುದ್ರೆ ಬಿದ್ದರೆ ಜನಪದ ಜ್ಞಾನಕ್ಕೆ ಗೌರವ ಬರುತ್ತದೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆದರೆ ಸಸ್ಯದಲ್ಲಿರುವ ಒಂದು ಸಂಯುಕ್ತವನ್ನು ಪ್ರತ್ಯೇಕಿಸಿ ಹೆಸರಿಸುವ ಕೆಲಸ ಒಂದು. ಆ ಸಸ್ಯವನ್ನು ಒಂದು ಸಮುದಾಯ ಬಳಸಿಕೊಂಡು ಬಂದ ಕ್ರಮ ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಸಾಕ್ಷಿಯಾಗುವುದು ಎಲ್ಲಿಯವರೆಗೆ, ಎಲ್ಲಿಂದ ಮುಂದೆ ಅದು ಸಾಕ್ಷಿಯಾಗಲಾರದು ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಎತ್ತಿಲ್ಲ. ಪಶ್ಚಿಮಘಟ್ಟದ ಒಂದು ಹುಳಿಕಾಯಿಯಾದ ಉಪ್ಪಾಗೆಯ ಚರಿತ್ರೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಕಾಯಿಯ ಮುಖ್ಯ ಆಮ್ಲ ಯಾವುದೆಂಬುದು ಖಚಿತವಾಗಿ ನಿರ್ಣಯವಾದದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ಈ ಆಯ್ಕೆಗೆ ಇನ್ನೊಂದು ಕಾರಣ.

ಮರ ಮತ್ತು ಮನೆಬಳಕೆ

ಉಪ್ಪಾಗೆ ನಿತ್ಯಹರಿದ್ವರ್ಣ ಕಾಡಿನ ಮರ. ಇದರ ಸಸ್ಯಶಾಸ್ತ್ರೀಯ ಹೆಸರು ಗಾರ್ಸಿನಿಯಾ ಗುಮ್ಮಿ-ಗುಟ್ಟಾ. ಹಳೆಯ ಗ್ರಂಥಗಳಲ್ಲಿ ಗಾರ್ಸಿನಿಯಾ ಕ್ಯಾಂಬೋಜಿಯಾ ಎಂದಿದೆ. ಕಾಯಿ ಸಣ್ಣ ಕುಂಬಳದಂತೆ ಗೀರುಗೀರಾಗಿದ್ದು ಹಣ್ಣಾದಾಗ ಹಳದಿಯಾಗುತ್ತದೆ. ಇದೇ ಕುಲದ ಮತ್ತೊಂದು ಮರ ಗಾರ್ಸಿನಿಯಾ ಇಂಡಿಕಾ. ಉತ್ತರ ಕನ್ನಡದಲ್ಲಿ ಇದು ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಕೊಂಕಣದಲ್ಲಿ ಕೋಕಂ. ಇದರ ಹಣ್ಣು ಗುಂಡಗೆ, ಕಡುಗೆಂಪು. ಇವೆರಡೂ ಹುಳಿಗಾಗಿ ಬಳಕೆಯಾಗುವ ಮರಗಳಾದರೂ ಜನರು ಇವನ್ನು ಒಂದರ ಸ್ಥಾನದಲ್ಲಿ ಇನ್ನೊಂದೆಂದು ಎಣಿಸುವುದಿಲ್ಲ. ಮುರುಗಲು ಬೇಸಿಗೆಯ ಕೊನೆಯಲ್ಲಿ ಹಣ್ಣಾಗುತ್ತದೆ. ಆದುದರಿಂದ ಅದರ ಸಿಪ್ಪೆಯನ್ನು ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿದ ಅದರ ರಸದಲ್ಲಿಯೇ ಮತ್ತೆ ಮತ್ತೆ ನೆನೆಸಿ ಒಣಗಿಸುತ್ತಾರೆ. ಉಪ್ಪಾಗೆ ಮಾಗುವುದು ಮಳೆಗಾಲದಲ್ಲಿ. ಬಿಸಿಲು ಕಾಣದ ಆ ತಿಂಗಳುಗಳಲ್ಲಿ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಡ್ಡಿ ಒಣಗಿಸಬೇಕು. ಒಣಗಿದ ಸಿಪ್ಪೆ ಕಪ್ಪಾಗುತ್ತದೆ ಮತ್ತು ವರ್ಷಗಟ್ಟಲೆ ಕೆಡುವುದಿಲ್ಲ.

ಬಳಕೆಯ ವೈವಿಧ್ಯವನ್ನೂ ಇಲ್ಲಿ ಗಮನಿಸಬೇಕು. ಮಲೆನಾಡಿನ ಅಡುಗೆಯಲ್ಲಿ ಉಪ್ಪಾಗೆ ಹುಣಿಸೆಯ ಬದಲಿಗೆ ಬರುತ್ತದೆ. ಬೀಜದಿಂದ ತೆಗೆದ ಗಟ್ಟಿ ಜಿಡ್ಡು 'ಉಪ್ಪಾಗೆ ತುಪ್ಪ'ವೆಂದು ಅಡುಗೆಗೂ ಬಿರುಕುಬಿಟ್ಟ ಚರ್ಮಕ್ಕೂ ಒದಗುತ್ತದೆ. ಕೊಡಗಿನಲ್ಲಿ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕುವ ರಸವನ್ನು ಕುದಿಸಿ ಇಂಗಿಸಿ ಕಪ್ಪಗಿನ 'ಕಾಚಂಪುಳಿ' ತಯಾರಿಸುತ್ತಾರೆ. ಹಂದಿಮಾಂಸದ ಅಡುಗೆಗೆ ಅದು ಅನಿವಾರ್ಯ. ಕೇರಳದಲ್ಲಿ ಇದೇ ಹುಳಿ 'ಕುಡಂಪುಳಿ'. ಮೀನಿನ ಸಾರಿಗೆ ಅದು ಬೇಕೇ ಬೇಕು. ಶ್ರೀಲಂಕೆಯಲ್ಲಿ ಇದು 'ಗೊರಕ'. ಬಂಗುಡೆ ಮೀನನ್ನು ಉಪ್ಪು ಮತ್ತು ಈ ಹುಳಿಯೊಡನೆ ಪೀಪಾಯಿಗಳಲ್ಲಿ ತುಂಬಿಡುವ 'ಕೊಲಂಬೊ ವಿಧಾನ' ಮಲಬಾರ್ ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ರೂಢಿಯಲ್ಲಿತ್ತು. ಹೀಗೆ ಸಂಸ್ಕರಿಸಿದ ಮೀನು ಸಿಂಹಳಕ್ಕೆ ರಫ್ತಾಗುತ್ತಿತ್ತು.

ಈ ಬಳಕೆಗಳಲ್ಲೆಲ್ಲ ಒಂದು ಸಾಮಾನ್ಯ ಸೂತ್ರವಿದೆ. ಹುಳಿಯು ರುಚಿಯ ಜೊತೆಗೆ ಕೆಡದಂತೆ ಕಾಯುವ ವಸ್ತು. ಆಮ್ಲೀಯತೆ ಹೆಚ್ಚಾದ ಕಡೆ ಮೀನನ್ನು ಕೆಡಿಸುವ ಸೂಕ್ಷ್ಮಜೀವಿಗಳ ಬೆಳವಣಿಗೆ ಕುಂಠಿತವಾಗುತ್ತದೆ ಎಂಬುದು ಇಂದಿನ ವಿವರಣೆ. ವಿವರಣೆ ಹೊಸದು, ಬಳಕೆಯ ಕ್ರಮ ಹಳೆಯದು. ಹುಳಿಯ ಪದಾರ್ಥಗಳನ್ನು ಕಲ್ಲುಮರಿಗೆಯಲ್ಲೋ ಮಣ್ಣಿನ ಪಾತ್ರೆಯಲ್ಲೋ ಇಡಬೇಕು, ಕಲಾಯಿ ಇಲ್ಲದ ತಾಮ್ರದಲ್ಲಿ ಇಡಬಾರದು ಎಂಬ ಮನೆಯ ನಿಯಮವೂ ಇದೇ ಬಗೆಯದು. ಆಮ್ಲದ ಹೆಸರು ಗೊತ್ತಿಲ್ಲದೆಯೂ ಆಮ್ಲದ ವರ್ತನೆಯನ್ನು ಖಚಿತವಾಗಿ ಬಲ್ಲ ತಿಳಿವಳಿಕೆ ಇದು.

ಹೆಸರಿಡುವಲ್ಲಿ ಆದ ಮೊದಲ ಗೊಂದಲ

ಈ ಮರ ಯೂರೋಪಿನ ವಿದ್ವತ್ತಿನ ಕಣ್ಣಿಗೆ ಬಿದ್ದದ್ದು 17ನೆಯ ಶತಮಾನದಲ್ಲಿ. ಮಲಬಾರಿನ ಡಚ್ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಿಂದ 12 ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಮೊದಲ ಸಂಪುಟದಲ್ಲಿಯೇ ಈ ಮರ 'ಕೊಡ್ಡಂಪುಳಿ' ಎಂಬ ಸ್ಥಳೀಯ ಹೆಸರಿನಿಂದ ಚಿತ್ರಸಹಿತವಾಗಿ ದಾಖಲಾಗಿದೆ. ಆ ಗ್ರಂಥಕ್ಕೆ ಮಾಹಿತಿ ಒದಗಿಸಿದವರು ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ವಿದ್ವಾಂಸರಾದ ರಂಗಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪುಭಟ್ಟರು. ಅವರ ಹೇಳಿಕೆಗಳು ಮೊದಲ ಸಂಪುಟದಲ್ಲಿ ಅಚ್ಚಾಗಿವೆ. ಮಾಹಿತಿದಾರನ ಹೆಸರನ್ನು ದಾಖಲಿಸುವ ಶಿಸ್ತನ್ನು ನಾವು ಕ್ಷೇತ್ರಕಾರ್ಯದ ಆಧುನಿಕ ನಿಯಮವೆಂದು ಭಾವಿಸುತ್ತೇವೆ. ಆದರೆ ಆ ಶಿಸ್ತು ಮುನ್ನೂರು ವರ್ಷಗಳ ಹಿಂದಿನ ಈ ಗ್ರಂಥದಲ್ಲಿಯೇ ಕಾಣುತ್ತದೆ.

18ನೆಯ ಶತಮಾನದ ಮಧ್ಯದಲ್ಲಿ ಲಿನೀಯಸ್ ಈ ಮರಕ್ಕೆ 'ಕ್ಯಾಂಬೋಜಿಯಾ ಗುಮ್ಮಿ-ಗುಟ್ಟಾ' ಎಂದು ನಾಮಕರಣ ಮಾಡಿದನು. ಆತನ ಮುಂದಿದ್ದ ಮುಖ್ಯ ಆಧಾರ ರೀಡ್‌ನ ಚಿತ್ರ ಮತ್ತು ವಿವರಣೆ. ಗುಮ್ಮಿ-ಗುಟ್ಟಾ ಎಂಬುದು ಕಾಂಬೋಡಿಯಾ ಕಡೆಯಿಂದ ಯೂರೋಪಿಗೆ ಬರುತ್ತಿದ್ದ ಹಳದಿ ಅಂಟಿನ ಹೆಸರು. ಅದನ್ನು ಬಣ್ಣಕ್ಕೂ ತೀವ್ರ ವಿರೇಚಕವಾಗಿಯೂ ಬಳಸುತ್ತಿದ್ದರು. ವಾಸ್ತವವಾಗಿ ವ್ಯಾಪಾರದ ಆ ಅಂಟು ದೊರೆಯುತ್ತಿದ್ದುದು ಇದೇ ಕುಲದ ಬೇರೆ ಮರಗಳಿಂದ. ಹೀಗಾಗಿ ಸಾರಿಗೆ ಹಾಕುವ ಹುಳಿಯ ಮರಕ್ಕೆ ಭೇದಿಯ ಅಂಟಿನ ಹೆಸರು ಅಂಟಿಕೊಂಡಿತು. ನಾಮಕರಣದ ನಿಯಮಗಳ ಪ್ರಕಾರ 1968ರಲ್ಲಿ ರಾಬ್ಸನ್ ಈ ಮರವನ್ನು ಗಾರ್ಸಿನಿಯಾ ಕುಲದಲ್ಲಿ ಸೇರಿಸಿ ಗುಮ್ಮಿ-ಗುಟ್ಟಾ ಎಂಬ ಭಾಗವನ್ನು ಉಳಿಸಿದುದರಿಂದ ಆ ಹೆಸರು ಇಂದಿಗೂ ಮುಂದುವರಿದಿದೆ. 'ಕುಡಂಪುಳಿ' ಎಂಬ ದೇಸಿ ಹೆಸರು ತನ್ನಲ್ಲಿಯೇ 'ಹುಳಿ'ಯನ್ನು ಇಟ್ಟುಕೊಂಡು ಬಳಕೆಯನ್ನು ಸರಿಯಾಗಿ ಹೇಳುತ್ತಿದ್ದಾಗ, ವಿದ್ವತ್ತಿನ ಹೆಸರು ಬೇರೆಡೆಗೆ ಕೈತೋರಿಸಿತು.

ಮೈಸೂರಿನ ಪ್ರಯೋಗಾಲಯ

ಎರಡನೆಯ ಗೊಂದಲ ಆಮ್ಲದ ಗುರುತಿಗೆ ಸಂಬಂಧಿಸಿದುದು. 20ನೆಯ ಶತಮಾನದ ಆರಂಭಿಕ ವಿಶ್ಲೇಷಣೆಗಳು ಈ ಕುಲದ ಹಣ್ಣುಗಳ ಹುಳಿಯನ್ನು ಟಾರ್ಟಾರಿಕ್ ಆಮ್ಲ ಅಥವಾ ಸಿಟ್ರಿಕ್ ಆಮ್ಲವೆಂದು ತಿಳಿಸಿದ್ದವು. ಮೊದಲನೆಯದು ಹುಣಿಸೆಯ ಆಮ್ಲ, ಎರಡನೆಯದು ನಿಂಬೆಯ ಆಮ್ಲ. ಎಂದರೆ, ಪರಿಚಿತವಾದ ಎರಡು ಹುಳಿಗಳ ಚೌಕಟ್ಟಿನಲ್ಲಿಯೇ ಮೂರನೆಯದನ್ನೂ ಕೂರಿಸಲಾಗಿತ್ತು.

1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಈ ಪ್ರಶ್ನೆಯನ್ನು ಹೊಸದಾಗಿ ಕೈಗೆತ್ತಿಕೊಳ್ಳಲಾಯಿತು. ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಉಪ್ಪಾಗೆಯ ಮುಖ್ಯ ಆಮ್ಲವನ್ನು ಪ್ರತ್ಯೇಕಿಸಿ, ರಾಸಾಯನಿಕ ಮತ್ತು ರೋಹಿತ ಪರೀಕ್ಷೆಗಳ ಮೂಲಕ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಅವರ ಪ್ರಬಂಧ 1965ರಲ್ಲಿ 'ಫೈಟೊಕೆಮಿಸ್ಟ್ರಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಟ್ರಿಕ್ ಆಮ್ಲದ ಅಣುವಿಗಿಂತ ಇದರಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚು. ಆ ಒಂದು ಗುಂಪಿನಿಂದಾಗಿ ಅಣುವಿನ ವಿನ್ಯಾಸಕ್ಕೆ ನಾಲ್ಕು ಸಾಧ್ಯತೆಗಳು ಒದಗುತ್ತವೆ. ಉಪ್ಪಾಗೆಯಲ್ಲಿರುವುದು ಅವುಗಳಲ್ಲಿ ಒಂದು. ಒಣ ಸಿಪ್ಪೆಯ ತೂಕದಲ್ಲಿ ಈ ಆಮ್ಲದ ಪ್ರಮಾಣ ಸುಮಾರು ಶೇಕಡ 10ರಿಂದ 30ರಷ್ಟು. ಮುಂದೆ ಇದೇ ಸಂಸ್ಥೆಯಲ್ಲಿ ಎನ್. ಕೃಷ್ಣಮೂರ್ತಿ, ಲೂಯಿಸ್ ಮತ್ತು ಬಿ. ರವೀಂದ್ರನಾಥ್ ಅವರು ಮುರುಗಲಿನ ಸಿಪ್ಪೆಯ ಹಳದಿ ವರ್ಣದ್ರವ್ಯವಾದ ಗಾರ್ಸಿನಾಲ್‌ನ ರಚನೆಯನ್ನು ಕುರಿತು 1981ರಲ್ಲಿ ಪ್ರಕಟಿಸಿದರು. ಪಾನಕಕ್ಕೆ ಕೆಂಪು ಬಣ್ಣ ನೀಡುವುದು ಬೇರೆಯ ವರ್ಗದ, ನೀರಿನಲ್ಲಿ ಕರಗುವ ಆಂಥೊಸಯನಿನ್‌ಗಳು.

ಜಾನಪದ ವಿದ್ಯಾರ್ಥಿಗಳು ಈ ಶೋಧವನ್ನು ಲಘುವಾಗಿ ಕಾಣಬಾರದು. ಹುಣಿಸೆ, ನಿಂಬೆ, ಉಪ್ಪಾಗೆಗಳು ನಾಲಿಗೆಗೆ ಬೇರೆ ಬೇರೆ ಹುಳಿಗಳು. ಕೊಡಗಿನ ಗೃಹಿಣಿ ಕಾಚಂಪುಳಿಯ ಸ್ಥಾನದಲ್ಲಿ ನಿಂಬೆರಸವನ್ನು ಒಪ್ಪಳು. ಈ ಭೇದವನ್ನು ಅಲ್ಲಗಳೆಯುವಂತೆ ಕಾಣುತ್ತಿದ್ದ ಹಳೆಯ ವಿಶ್ಲೇಷಣೆಯನ್ನು ತಿದ್ದಿ, ಭೇದ ನಿಜವೆಂದು ತೋರಿಸಿದ್ದು ಇನ್ನಷ್ಟು ಎಚ್ಚರದ ವಿಶ್ಲೇಷಣೆಯೇ. ಪ್ರಯೋಗಾಲಯವನ್ನೂ ಜನಪದವನ್ನೂ ಎದುರಾಳಿಗಳೆಂದು ನಿಲ್ಲಿಸುವ ವಾದಕ್ಕೆ ಈ ಪ್ರಸಂಗದಲ್ಲಿ ಆಧಾರವಿಲ್ಲ.

ಅಣುವಿನಿಂದ ಗುಳಿಗೆಗೆ

1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೀನ್ ಮತ್ತು ಸಂಗಡಿಗರು ಈ ಆಮ್ಲದ ಮತ್ತೊಂದು ಗುಣವನ್ನು ವರದಿ ಮಾಡಿದರು. ಜೀವಕೋಶದಲ್ಲಿ ಸಿಟ್ರೇಟ್ ಅಣುವನ್ನು ಒಡೆದು, ಕೊಬ್ಬು ತಯಾರಾಗಲು ಬೇಕಾದ ಮೂಲದ್ರವ್ಯವನ್ನು ಒದಗಿಸುವ ಒಂದು ಕಿಣ್ವವಿದೆ. ಸಿಟ್ರೇಟನ್ನು ಹೋಲುವ ಹೈಡ್ರಾಕ್ಸಿಸಿಟ್ರೇಟ್ ಆ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕೊಬ್ಬಿನ ಉತ್ಪಾದನೆ ತಗ್ಗಿದುದು ಕಂಡುಬಂದಿತು. ಇದರಿಂದ ಬೊಜ್ಜು ಕರಗಿಸುವ ಔಷಧಿಯ ಆಸೆ ಹುಟ್ಟಿತು. 1990ರ ದಶಕದಲ್ಲಿ ಉಪ್ಪಾಗೆಯ ಸಾರ ಗುಳಿಗೆಯ ರೂಪದಲ್ಲಿ ಪಾಶ್ಚಾತ್ಯ ಮಾರುಕಟ್ಟೆಯನ್ನು ತುಂಬಿತು.

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಸಹೋದ್ಯೋಗಿಗಳು ಒಂದು ನಿಯಂತ್ರಿತ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. 135 ಜನರನ್ನು 12 ವಾರಗಳ ಕಾಲ ಪರೀಕ್ಷಿಸಲಾಗಿತ್ತು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದು ಗುಂಪಿಗೆ ಔಷಧರಹಿತ ಗುಳಿಗೆ. ತೂಕದ ಇಳಿಕೆಯಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಂತರದ ವರ್ಷಗಳಲ್ಲಿ ಇಂತಹ ಗುಳಿಗೆಗಳನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾದವು. ಆದರೂ ಮಾರಾಟ ನಿಲ್ಲಲಿಲ್ಲ.

ಇಲ್ಲಿ ಪ್ರಮಾಣದ ಲೆಕ್ಕವನ್ನು ನೋಡುವುದು ಉಪಯುಕ್ತ. 1500 ಮಿಲಿಗ್ರಾಂ ಆಮ್ಲವನ್ನು ಒಣ ಸಿಪ್ಪೆಯಿಂದಲೇ ಪಡೆಯಬೇಕಾದರೆ ಒಬ್ಬರಿಗೆ ಪ್ರತಿದಿನ 5ರಿಂದ 15 ಗ್ರಾಂ ಸಿಪ್ಪೆ ಬೇಕು. ಮನೆಯ ಅಡುಗೆಯಲ್ಲಿ ಇಡೀ ಕುಟುಂಬದ ಸಾರಿಗೆ ಹಾಕುವುದು ಕೆಲವೇ ಚೂರುಗಳನ್ನು; ಅನೇಕ ಕಡೆ ರಸ ಬಿಟ್ಟ ಮೇಲೆ ಸಿಪ್ಪೆಯನ್ನು ತಿನ್ನದೆ ತೆಗೆದಿಡುತ್ತಾರೆ. ಇನ್ನೊಂದು ಅಂಶವೂ ಇದೆ. ಈ ಆಮ್ಲ ಕಾಯಿಸಿ ಇಂಗಿಸುವಾಗ ಸುಲಭವಾಗಿ ಲ್ಯಾಕ್ಟೋನ್ ಎಂಬ ರೂಪಕ್ಕೆ ತಿರುಗುತ್ತದೆ; ಆ ರೂಪಕ್ಕೆ ಮೇಲೆ ಹೇಳಿದ ಕಿಣ್ವವನ್ನು ತಡೆಯುವ ಶಕ್ತಿಯಿಲ್ಲ. ಅದಕ್ಕಾಗಿಯೇ ಉದ್ಯಮಗಳು ಆಮ್ಲವನ್ನು ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳನ್ನಾಗಿ ಮಾಡಿ ಮಾರಿದವು. ಒಲೆಯ ಹೊಗೆಯಲ್ಲಿ ಒಣಗಿದ ಸಿಪ್ಪೆಯಲ್ಲಿ, ಗಂಟೆಗಟ್ಟಲೆ ಕುದಿದ ಕಾಚಂಪುಳಿಯಲ್ಲಿ ಇರುವುದೂ ಗುಳಿಗೆಯಲ್ಲಿ ಇರುವುದೂ ರಾಸಾಯನಿಕವಾಗಿಯೇ ಒಂದೇ ವಸ್ತುವಲ್ಲ.

ಕಲ್ಪಿತ ಪರಂಪರೆ

ಗುಳಿಗೆಯ ಪ್ರಚಾರದಲ್ಲಿ ಪದೇ ಪದೇ ಬಂದ ಇನ್ನೊಂದು ಮಾತು ಜಾನಪದ ಕ್ಷೇತ್ರಕ್ಕೆ ನೇರವಾಗಿ ಸಂಬಂಧಿಸಿದೆ: 'ದಕ್ಷಿಣ ಏಷ್ಯಾದ ಜನರು ಶತಮಾನಗಳಿಂದ ತೂಕ ಇಳಿಸಲು ಬಳಸುತ್ತ ಬಂದ ಹಣ್ಣು'. ಪಶ್ಚಿಮ ಕರಾವಳಿಯ ಮನೆಬಳಕೆಯಲ್ಲಿ ಉಪ್ಪಾಗೆಗಿರುವ ಸ್ಥಾನ ಹುಳಿಯದು, ಸಂರಕ್ಷಕದ್ದು, ಅಜೀರ್ಣ ಭೇದಿಗಳಲ್ಲಿ ಒದಗುವ ಮನೆಮದ್ದಿನದು. ಕೊಬ್ಬಿನ ಮಾಂಸವನ್ನು ಹೆಚ್ಚು ರುಚಿಯಾಗಿ, ಹೆಚ್ಚು ಕಾಲ ಉಣ್ಣಲು ಕೊಡಗಿನಲ್ಲಿ ಅದನ್ನು ಬಳಸಿದರು. ಅದೇ ಕಾಯಿಯ ಬೀಜದಿಂದ ಮಲೆನಾಡಿಗರು ತುಪ್ಪ ತೆಗೆದು ತಿಂದರು. ಮಳೆಗಾಲವೆಂದರೆ ದವಸದ ಕಣಜ ಬರಿದಾಗುವ ಕಾಲ ಎಂದು ಬಲ್ಲ ಸಮಾಜದಲ್ಲಿ ಆಹಾರವನ್ನು ಉಳಿಸಿಕೊಳ್ಳುವುದು ಜ್ಞಾನದ ಗುರಿಯಾಗಿತ್ತು. ಮೈಯನ್ನು ಇಳಿಸಿಕೊಳ್ಳುವುದು ಆಗಿರಲಿಲ್ಲ. ಬೊಜ್ಜಿನ ಗುಳಿಗೆಯ ಹಿಂದಿನ ಚರಿತ್ರೆ 1969ರ ಪ್ರಯೋಗಾಲಯದಿಂದ ಆರಂಭವಾಗುತ್ತದೆ. ಅದಕ್ಕೆ ಶತಮಾನಗಳ ಪರಂಪರೆಯನ್ನು ಜೋಡಿಸಿದ್ದು ಮಾರುಕಟ್ಟೆ.

ಜನಪದ ಜ್ಞಾನದ ಅಪಹರಣವೆಂದರೆ ಇರುವ ಜ್ಞಾನವನ್ನು ಕದಿಯುವುದು ಎಂದು ನಾವು ತಿಳಿದಿದ್ದೇವೆ. ಗಾಯಕ್ಕೆ ಅರಿಸಿನ ಬಳಸುವ ಬಗ್ಗೆ 1995ರಲ್ಲಿ ಅಮೆರಿಕದಲ್ಲಿ ನೀಡಲಾದ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಪ್ರಶ್ನಿಸಿ, 1997ರಲ್ಲಿ ಅದು ರದ್ದಾದ ಪ್ರಸಂಗ ಇದಕ್ಕೆ ಪ್ರಸಿದ್ಧ ಉದಾಹರಣೆ. ಉಪ್ಪಾಗೆಯ ಪ್ರಸಂಗ ಇದಕ್ಕಿಂತ ಭಿನ್ನ. ಇಲ್ಲಿ ಇಲ್ಲದ ಜ್ಞಾನವೊಂದನ್ನು ಸಮುದಾಯದ ಹೆಸರಿನಲ್ಲಿ ಸೃಷ್ಟಿಸಲಾಯಿತು. ಕದ್ದದ್ದನ್ನು ಮರಳಿ ಪಡೆಯಲು ಲಿಖಿತ ಆಧಾರ ಬೇಕು. ಹೊರಿಸಿದ್ದನ್ನು ನಿರಾಕರಿಸಲು ಅದಕ್ಕಿಂತ ವಿವರವಾದ ದಾಖಲೆ ಬೇಕು. ಜನರು ಏನು ಮಾಡಿದರು ಎಂಬುದರ ನಿಖರ ದಾಖಲೆ ಇಲ್ಲದಿದ್ದರೆ ಅವರು ಏನನ್ನು ಮಾಡಲಿಲ್ಲ ಎಂದು ಹೇಳುವುದು ಅಸಾಧ್ಯ.

ಕಾಡು ತೆತ್ತ ಬೆಲೆ

ಗುಳಿಗೆಯ ಬೇಡಿಕೆ ಉತ್ತರ ಕನ್ನಡದ ಕಾಡುಗಳನ್ನು ಮುಟ್ಟಿತು. 1990ರ ದಶಕದಲ್ಲಿ ಒಣ ಸಿಪ್ಪೆಯ ಬೆಲೆ ಏರಿದಾಗ ಮನೆಯ ಅಟ್ಟದ ವಸ್ತು ಹೊರದೇಶದ ಸರಕಾಯಿತು. ಕಾಡಿನ ಮರಕ್ಕೆ ಒಡೆಯನಿಲ್ಲದ ಕಾರಣ ಮೊದಲು ಹೋದವನಿಗೆ ಕಾಯಿ ದಕ್ಕುತ್ತದೆ. ಆದುದರಿಂದ ಹಣ್ಣಾಗುವವರೆಗೆ ಕಾಯುವ ರೂಢಿ ಸಡಿಲವಾಗಿ ಎಳೆಗಾಯಿಗಳನ್ನೇ ಕೊಯ್ಯುವುದು ಹೆಚ್ಚಿತು. ಅಡುಗೆಯ ಬೆಂಕಿಯ ಹೊಗೆಯಲ್ಲಿ ಬೇರೆ ಖರ್ಚಿಲ್ಲದೆ ಒಣಗುತ್ತಿದ್ದ ಸಿಪ್ಪೆಗೆ ಈಗ ಪ್ರತ್ಯೇಕ ಒಲೆ, ಪ್ರತ್ಯೇಕ ಸೌದೆ ಬೇಕಾಯಿತು. ಮಳೆಗಾಲದ ಕಾಡಿನಿಂದಲೇ ಆ ಸೌದೆ ಬಂದಿತು. ನಿತಿನ್ ರೈ ಮತ್ತು ಕ್ರಿಸ್ಟೋಫರ್ ಊಲ್ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಉಪ್ಪಾಗೆಯ ಸಂಗ್ರಹಣೆ, ಕಾಡು ಮತ್ತು ಜೀವನೋಪಾಯಗಳ ಈ ಸಂಬಂಧವನ್ನು ಪರಿಶೀಲಿಸಿದೆ. ಸೌದೆ ಉಳಿಸುವ ಒಲೆಗಳನ್ನು ಹರಡುವ ಪ್ರಯತ್ನಗಳೂ ಈ ಭಾಗದಲ್ಲಿ ನಡೆದವು. ಬಡ ಸಂಗ್ರಾಹಕರಿಗೆ ಇದರಿಂದ ದೊರೆತ ಆದಾಯ ನಿಜವಾದುದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ದೂರದ ದೇಶದ ಒಂದು ಪ್ರಚಾರದ ಮೇಲೆ ನಿಂತ ಬೆಲೆ ಅಷ್ಟೇ ಬೇಗ ಕುಸಿಯಬಲ್ಲದು ಎಂಬುದನ್ನೂ ಅವರು ಅನುಭವಿಸಿದರು. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಉಪ್ಪಾಗೆ ಆಹಾರ. 2011ರಲ್ಲಿ ಆ ಪ್ರದೇಶವನ್ನು ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಣ್ಣಿಗಾಗಿ ಕಾಯುವ ರೂಢಿಯಲ್ಲಿ ಮರದ ಮುಂದಿನ ಪೀಳಿಗೆಗೂ ಪ್ರಾಣಿಗಳಿಗೂ ಪಾಲಿತ್ತು.

ದಾಖಲಾತಿಯ ಹೊಣೆ

ಈ ಚರಿತ್ರೆಯಿಂದ ಜಾನಪದ ಸಂಶೋಧನೆಗೆ ಕೆಲವು ಖಚಿತ ಸೂಚನೆಗಳು ದೊರೆಯುತ್ತವೆ. ಮೊದಲನೆಯದಾಗಿ, ಸ್ಥಳೀಯ ಹೆಸರಿನ ಜೊತೆಗೆ ಸಸ್ಯದ ಒಣಮಾದರಿಯನ್ನು ಸಂಗ್ರಹಿಸಿ ಗುರುತಿಸದ ಹೊರತು ದಾಖಲೆ ಪೂರ್ಣವಾಗದು. ಮುಖ್ಯವಾಗಿ ಚಿತ್ರ ಮತ್ತು ವಿವರಣೆಯನ್ನು ನೆಚ್ಚಿದ ಲಿನೀಯಸ್‌ನಂತಹವನಿಗೂ ಗೊಂದಲ ತಪ್ಪಲಿಲ್ಲ. ಎರಡನೆಯದಾಗಿ, 'ಉಪ್ಪಾಗೆಯನ್ನು ಹೊಟ್ಟೆಯ ತೊಂದರೆಗೆ ಬಳಸುತ್ತಾರೆ' ಎಂಬಷ್ಟು ಬರೆದರೆ ಸಾಲದು. ಕಾಯಿಯೋ ಹಣ್ಣೋ, ಯಾವ ತಿಂಗಳು, ಬಿಸಿಲಿನಲ್ಲೋ ಹೊಗೆಯಲ್ಲೋ, ಎಷ್ಟು ಹೊತ್ತು ಕುದಿಸಿದ್ದು, ಯಾವ ಪಾತ್ರೆ, ಎಷ್ಟು ಚೂರು, ಎಷ್ಟು ಜನಕ್ಕೆ, ಯಾವುದರ ಜೊತೆಗೆ ಎಂಬ ವಿವರಗಳು ಬೇಕು. ಆಮ್ಲವು ಲ್ಯಾಕ್ಟೋನ್ ಆಗುವುದೋ ಇಲ್ಲವೋ ಎಂಬ ರಾಸಾಯನಿಕ ಪ್ರಶ್ನೆಗೆ ಉತ್ತರ ಇರುವುದು ಇಂತಹ ವಿವರಗಳಲ್ಲಿಯೇ. ಮೂರನೆಯದಾಗಿ, ಯಾವುದಕ್ಕೆ ಬಳಸುವುದಿಲ್ಲ, ಯಾರಿಗೆ ಕೊಡಬಾರದು ಎಂಬ ನಿಷೇಧಗಳನ್ನೂ ಕೇಳಿ ಬರೆದುಕೊಳ್ಳಬೇಕು.

ಈ ಕೆಲಸಕ್ಕೆ ಕಾನೂನಿನ ಸಂದರ್ಭವೂ ಇದೆ. 2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಮುಖ್ಯವಾಗಿ ಆಯುರ್ವೇದ, ಸಿದ್ಧ, ಯುನಾನಿ ಮೊದಲಾದ ಲಿಖಿತ ಪರಂಪರೆಗಳನ್ನು ಆಧರಿಸಿದೆ. 2002ರ ಜೀವವೈವಿಧ್ಯ ಕಾಯಿದೆ ಸ್ಥಳೀಯ ಸಮಿತಿಗಳ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಗೆ ಅವಕಾಶ ಕಲ್ಪಿಸಿತು. 2023ರ ತಿದ್ದುಪಡಿ ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನದ ಬಳಕೆಗೆ ಲಾಭಾಂಶ ಹಂಚಿಕೆಯಿಂದ ವಿನಾಯಿತಿ ನೀಡಿದೆ. ಹೀಗೆ ಗ್ರಂಥಸ್ಥ ಮತ್ತು ಮೌಖಿಕ ಎಂಬ ವಿಭಜನೆ ಈಗ ವಿದ್ವತ್ತಿನ ಪರಿಭಾಷೆಯಾಗಿ ಉಳಿಯದೆ ಹಕ್ಕಿನ ಪ್ರಶ್ನೆಯಾಗಿದೆ. ಮೌಖಿಕ ಜ್ಞಾನವನ್ನು ಬರಹಕ್ಕೆ ಇಳಿಸುವವನು ಅದು ಯಾರದು, ಯಾವ ಊರಿನದು, ಯಾರ ಒಪ್ಪಿಗೆಯಿಂದ ಪ್ರಕಟವಾಗುತ್ತಿದೆ ಎಂಬುದನ್ನು ಬರಹದೊಳಗೇ ಉಳಿಸಬೇಕಾಗುತ್ತದೆ.

ಉಪ್ಪಾಗೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಮೈಸೂರಿನ ರಸಾಯನ ವಿಜ್ಞಾನಿಗಳು 1965ರಲ್ಲಿ ಸರಿಯಾದ ಉತ್ತರ ಕೊಟ್ಟರು. ಅದನ್ನು ಹೇಗೆ, ಎಷ್ಟು, ಯಾವಾಗ, ಯಾವುದರ ಜೊತೆ ಬಳಸಬೇಕು ಎಂಬ ಪ್ರಶ್ನೆಗೆ ಕರಾವಳಿ, ಮಲೆನಾಡು, ಕೊಡಗುಗಳ ಅಡುಗೆಮನೆಗಳು ಅದಕ್ಕಿಂತ ಬಹಳ ಮೊದಲೇ ಉತ್ತರ ಕಂಡುಕೊಂಡಿದ್ದವು. ಮೊದಲ ಉತ್ತರವನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟಾಗ ಆದುದೇನೆಂಬುದನ್ನು ಗುಳಿಗೆಯ ಚರಿತ್ರೆ ತೋರಿಸುತ್ತದೆ. ಜನಪದ ಜ್ಞಾನಕ್ಕೆ ರಸಾಯನಶಾಸ್ತ್ರದ ಪ್ರಮಾಣಪತ್ರ ಒದಗಿಸುವುದು ಜಾನಪದ ಸಂಶೋಧಕನ ಕೆಲಸವಲ್ಲ. ರಸಾಯನಶಾಸ್ತ್ರ ನಾಳೆ ಕೇಳಬಹುದಾದ ಪ್ರಶ್ನೆಗೆ ಉತ್ತರ ಸಿಗುವಷ್ಟು ನಿಖರವಾಗಿ ಎರಡನೆಯ ಉತ್ತರವನ್ನು ದಾಖಲಿಸಿಡುವುದು ಅವನ ಕೆಲಸ.